ಬಾಟಾ ಅಲ್ಲ, 'ಬತ್ಯ'!

ಶಾಲೆ ತೆರೆಯುವ ದಿನಗಳಲ್ಲಿ ಸವಣೂರಿನಿಂದ ಪುತ್ತೂರು ಪೇಟೆಗೆ ಹೋಗಿ ಬರುವ ಮಕ್ಕಳ ಕೈಯಲ್ಲಿ ಪುಸ್ತಕದ ಕಟ್ಟಿನ ಜತೆ ಶೂ ಪೆಟ್ಟಿಗೆಯೂ ಇರುತ್ತದೆ. ಅಂಥ ಒಂದು ಪೆಟ್ಟಿಗೆ ತೋರಿಸಿ ಏಳನೆಯ ತರಗತಿಯ ಹುಡುಗನೊಬ್ಬ, "ಸರ್, ಬಾಟಾ ಅಂದರೆ ಯಾವ ಊರು?" ಎಂದು ಕೇಳಿದ. ಪಕ್ಕದಲ್ಲಿದ್ದ ತಂದೆ, "ಅಧಿಕಪ್ರಸಂಗ ಬೇಡ" ಎಂದು ಗದರಿದರು. ಆದರೆ ಪ್ರಶ್ನೆ ಒಳ್ಳೆಯದೇ.

ಬಾಟಾ ಊರಲ್ಲ, ಮನೆತನದ ಹೆಸರು. ಈಗಿನ ಚೆಕ್ ಗಣರಾಜ್ಯದ ಜ್ಲೀನ್ ಎಂಬ ಊರಿನಲ್ಲಿ 1894ರಲ್ಲಿ ತೊಮಾಶ್ ಬತ್ಯ ಎಂಬವರು ಒಡಹುಟ್ಟಿದವರೊಂದಿಗೆ ಆರಂಭಿಸಿದ ಚಪ್ಪಲಿ ಉದ್ಯಮ ಅದು. ಹೌದು, ಅವರ ಬಾಯಲ್ಲಿ ಅದು 'ಬಾಟಾ' ಅಲ್ಲ. ಮೊದಲ ಸ್ವರ ಹ್ರಸ್ವ. ಎರಡನೆಯ ವ್ಯಂಜನವನ್ನು ನಮ್ಮ ಲಿಪಿಯಲ್ಲಿ 'ತ್ಯ' ಎಂದು ಬರೆಯಬಹುದು. ಆದರೆ ಅದು ಒತ್ತಕ್ಷರವಲ್ಲ, ಒಂದೇ ಧ್ವನಿ. ನಾಲಿಗೆಯ ತುದಿಯನ್ನು ಕೆಳಗಿಟ್ಟು, ನಡುಭಾಗವನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಬರುತ್ತದೆ. ಹಾಗೆಯೇ ನಾವು 'ಸ್ಕೋಡಾ' ಎನ್ನುವ ಕಾರು ಅಲ್ಲಿ 'ಶ್ಕೊದ'.

ಮಕ್ಕಳೇ, ಈ ಭಾಷೆಯ ಉಚ್ಚಾರ ಕಲಿಯಲು ಇಂಗ್ಲಿಷಿಗಿಂತ ನಮ್ಮ ಅಕ್ಷರಮಾಲೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆಳೆ–ಬೇಳೆ ಎಂಬಲ್ಲಿ ಸ್ವರ ಎಳೆದರೆ ನಮಗೆ ಅರ್ಥ ಬದಲಾಗುತ್ತದಲ್ಲವೇ? ಚೆಕ್ ಭಾಷೆಯಲ್ಲಿಯೂ ಹಾಗೆಯೇ. 'ದಲ್' ಎಂದರೆ ಕೊಟ್ಟನು, 'ದಾಲ್' ಎಂದರೆ ಇನ್ನೂ ಮುಂದೆ. ಅವರ ರಾಜಧಾನಿಯನ್ನು ಇಂಗ್ಲಿಷಿನವರು ಪ್ರಾಗ್ ಎನ್ನುತ್ತಾರೆ. ಊರಿನವರಿಗೆ ಅದು 'ಪ್ರಹ'. ಗಂಟಲಿನ ಮೇಲೆ ಬೆರಳಿಟ್ಟು 'ಹಾಲು' ಎನ್ನಿ. ಹಕಾರದಲ್ಲೇ ಸಣ್ಣ ನಡುಕ ಸಿಗುತ್ತದೆ. ಇಂಗ್ಲಿಷರ 'ಹೌಸ್' ಶಬ್ದದ ಹಕಾರ ಬರಿಯ ಉಸಿರು. ಚೆಕ್ ಜನರ ಹಕಾರ ನಮ್ಮದರಂತೆ ನಡುಗುವಂಥದು.

ಇನ್ನೊಂದು ಸ್ವಾರಸ್ಯವಿದೆ. ನಾವು 'ಋ'ವನ್ನು ಸ್ವರಗಳ ಸಾಲಿನಲ್ಲಿ ಕಲಿಯುತ್ತೇವೆ, ಓದುವಾಗ ಮಾತ್ರ 'ರು' ಎನ್ನುತ್ತೇವೆ. ರಕಾರ ಸ್ವರವಾಗುವುದು ಹೇಗೆ? ಬಾಲ್ಯದಲ್ಲಿ ನಾನು ಹೀಗೆ ಕೇಳಿ, "ಅದು ಹಾಗೆಯೇ, ಬಾಯಿಪಾಠ ಮಾಡು" ಎಂಬ ಉತ್ತರ ಪಡೆದವ. ಚೆಕ್ ಭಾಷೆಯಲ್ಲಿ ಬೆರಳಿಗೆ 'ಪೃಸ್ತ್', ಕೊರಳಿಗೆ 'ಕೃಕ್'. ಅವರ ಬರವಣಿಗೆಯಲ್ಲಿ ಈ ಶಬ್ದಗಳಲ್ಲಿ ಅ, ಇ, ಉ ಯಾವುದೂ ಇಲ್ಲ. ರಕಾರವೇ ಸ್ವರದ ಕೆಲಸ ಮಾಡುತ್ತದೆ. ಹಳೆಯ ಅಕ್ಷರಮಾಲೆಯಲ್ಲಿದ್ದ 'ಌ' ಕೂಡ ಅಲ್ಲಿ ಜೀವಂತ. ತೋಳಕ್ಕೆ ಅವರು 'ವ್ಲ್ಕ್' ಎನ್ನುತ್ತಾರೆ. ನಡುವಿನ ಲಕಾರವೇ ಸ್ವರ. ಸಂಸ್ಕೃತದಲ್ಲಿ ತೋಳ 'ವೃಕ'. ಇವೆರಡೂ ಒಂದೇ ಮೂಲದ ಶಬ್ದಗಳು! ಮಹಾಭಾರತದ ವೃಕೋದರ ನೆನಪಾದನೇ?

ಎಲ್ಲಕ್ಕಿಂತ ಕಠಿಣವಾದದ್ದು ಅವರ ವಿಶೇಷ ರಕಾರ. ನಾಲಿಗೆ ರಕಾರಕ್ಕೆ ಕಂಪಿಸುತ್ತಿರುವಾಗಲೇ ಇಂಗ್ಲಿಷಿನ 'ಮೆಷರ್' ಶಬ್ದದ ನಡುವಿನ ಧ್ವನಿಯೂ ಹೊರಡಬೇಕು. ಸಂಗೀತಗಾರ ದ್ವೊರ್ಝಾಕ್ (1841–1904) ಹೆಸರಿನಲ್ಲಿರುವುದು ಅದೇ. ಅಲ್ಲಿನ ಮಕ್ಕಳಿಗೆ ಈ ಧ್ವನಿ ಎಲ್ಲಕ್ಕಿಂತ ಕೊನೆಗೆ ಒಲಿಯುತ್ತದೆ. ಹಲವರಿಗೆ ಉಚ್ಚಾರ ತಜ್ಞರ ನೆರವೂ ಬೇಕಾಗುತ್ತದೆ. 1993ರಿಂದ 2003ರವರೆಗೆ ಚೆಕ್ ಗಣರಾಜ್ಯದ ಅಧ್ಯಕ್ಷರಾಗಿದ್ದ ನಾಟಕಕಾರ ವಾತ್ಸ್ಲಫ್ ಹವೆಲ್ ಅವರಿಗೆ ರಕಾರವೇ ಸರಿಯಾಗಿ ಹೊರಳುತ್ತಿರಲಿಲ್ಲ. ಅದರಿಂದ ಅವರ ಮಾತಿನ ತೂಕ ಕಡಿಮೆಯಾಗಲಿಲ್ಲ.

ರೋಮನ್ ಲಿಪಿಯಲ್ಲಿ ಇಂಥ ಧ್ವನಿಗಳಿಗೆ ಅಕ್ಷರವಿರಲಿಲ್ಲ. ಹದಿನೈದನೆಯ ಶತಮಾನದ ಆರಂಭದಲ್ಲಿ ಅಕ್ಷರದ ತಲೆಯ ಮೇಲೆ ಚುಕ್ಕಿ ಇಡುವ ಉಪಾಯ ಬಂತು. ಅದರ ಕೀರ್ತಿ ಧರ್ಮಸುಧಾರಕ ಯಾನ್ ಹುಸ್ ಅವರಿಗೆ ಸಲ್ಲುತ್ತದೆ. ಆ ಚುಕ್ಕಿಯೇ ಮುಂದೆ ಸಣ್ಣ ಕೊಕ್ಕೆಯಾಯಿತು. ನಮ್ಮಲ್ಲಿಯೂ ಇಂಥ ತೊಡಕಿದೆ. ತುಳುವಿನಲ್ಲಿ ಮನೆಗೆ 'ಇಲ್ಲ್' ಎನ್ನುತ್ತೇವೆ. ಕೊನೆಯ ಧ್ವನಿ ಉಕಾರವೂ ಅಲ್ಲ, ಬರಿಯ ವ್ಯಂಜನವೂ ಅಲ್ಲ. ಕನ್ನಡ ಲಿಪಿಯಲ್ಲಿ ಅದಕ್ಕೆ ಬೇರೆ ಅಕ್ಷರವಿಲ್ಲ. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ ಆಡಿ ಬರುವ ಮಗುವಿನ ನಾಲಿಗೆಗೆ ಒಂದೊಂದು ಅಭ್ಯಾಸವಿರುತ್ತದೆ. ಅದು ದಡ್ಡತನವಲ್ಲ.

ಹೆತ್ತವರಲ್ಲಿ ಒಂದು ಮಾತು. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ 'ಭೂಮಿ'ಯನ್ನು 'ಬೂಮಿ' ಎಂದು ಓದಿದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆ ವರ್ಷ ಮುಗಿಯುವವರೆಗೆ ಅವಳು ಎದ್ದು ನಿಂತು ಓದಲೇ ಇಲ್ಲ. ತಪ್ಪು ಅವಳದಲ್ಲ, ನನ್ನದು.

ಈಗ ನಾನು ಬೇರೆ ರೀತಿ ಮಾಡುತ್ತೇನೆ. ಎರಡು ಬೆರಳು ಅಗಲದ ತೆಳು ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು 'ಪ' ಎನ್ನಲು ಹೇಳುತ್ತೇನೆ. ಕಾಗದ ಹೆಚ್ಚು ಅಲುಗುವುದಿಲ್ಲ. ತುಟಿ ಮುಚ್ಚಿ ತೆರೆದು 'ಫ' ಎಂದರೆ ಪಟ್ಟನೆ ಹಾರುತ್ತದೆ. ಅದೇ ಮಹಾಪ್ರಾಣ. ಬಳಿಕ ಬ, ಭ. ಮಗು ತನ್ನ ತಪ್ಪನ್ನು ತಾನೇ ಕಾಣುತ್ತದೆ, ತಾನೇ ತಿದ್ದಿಕೊಳ್ಳುತ್ತದೆ. ಇಂದು ಸಂಜೆ ಮನೆಯಲ್ಲಿ ಮಾಡಿ ನೋಡಿ. ಆ ದಿನ ನಗುವ ಬದಲು ಆ ಹುಡುಗಿಯ ಕೈಗೆ ಇಂಥದೊಂದು ಕಾಗದದ ಚೂರು ಕೊಟ್ಟಿದ್ದರೆ ಸಾಕಿತ್ತು.