ಪೀರಿಯಡ್ ಕೊಟ್ಟರೆ ಸಾಲದು, ಜೋಡಣೆಯೂ ಬೇಕು

“ಟೆಕ್ನಾಲಜಿಯನ್ನೆಲ್ಲ ಕನ್ನಡದಲ್ಲಿ ಹೇಳಿಕೊಡೋಕೆ ಆಗುತ್ತಾ ಸಾರ್?” ಎಂದು ಹೆತ್ತವರು ಕೇಳುತ್ತಾರೆ. ಆಗುತ್ತೆ. ಸಿ-ಡಾಟ್ ಸಂಸ್ಥೆಯ ಮೊದಲ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದೇ ನಮ್ಮ ಕನ್ನಡದ ಕಿತ್ತೂರಿನಲ್ಲಿ.

ಎಕ್ಸ್‌ಚೇಂಜಿನ ಇ-1 ಲೈನು ಶಾಲೆಯ ಟೈಮ್‌ಟೇಬಲ್ ಇದ್ದ ಹಾಗೆ. ಸೆಕೆಂಡಿಗೆ 8000 ಸುತ್ತು, ಸುತ್ತಿಗೆ 32 ಪೀರಿಯಡ್. ಮೊದಲನೆಯದು, ಅಂದರೆ 0, ತಾಳ ತಪ್ಪದಿರಲು. 16 ಸಾಮಾನ್ಯವಾಗಿ ಕರೆಯ ಸಂಕೇತಕ್ಕೆ. ಉಳಿದ 30 ಮಾತಿಗೆ. ಒಂದೇ ಲೈನಿನಲ್ಲಿ 30 ಸಂಭಾಷಣೆ, ಯಾರೂ ಯಾರನ್ನೂ ತಳ್ಳುವುದಿಲ್ಲ.

ಆದರೆ ಪೀರಿಯಡ್ ಸಿಕ್ಕ ಮಾತ್ರಕ್ಕೆ ಮಾತು ತಲುಪದು. ಈ ಲೈನಿನ 5ರಲ್ಲಿ ಬಂದದ್ದನ್ನು ಆ ಲೈನಿನ 19ಕ್ಕೆ ಹಾಕು ಎಂದು ಬೋರ್ಡಿನ ಸ್ವಿಚ್ಚಿಗೆ ಬರೆದುಕೊಡಬೇಕು. ಅದು ಒಮ್ಮುಖ ಜೋಡಣೆ. ತಿರುಗಿ ಬರುವ ದಾರಿಯನ್ನೂ ಬರೆಯದಿದ್ದರೆ ಒಬ್ಬರು ಹೇಳುತ್ತಲೇ ಇರುತ್ತಾರೆ, ಇನ್ನೊಬ್ಬರ ಉತ್ತರ ಕೇಳಿಸದು.

ಹೊಸೂರು ಕಡೆಯ ನಮ್ಮ ಕಥೆಯೂ ಇದೇ. 1965ರವರೆಗೆ ಸೇಲಂ, 2004ರವರೆಗೆ ಧರ್ಮಪುರಿ, ಈಗ ಕೃಷ್ಣಗಿರಿ. ಜಿಲ್ಲೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. 2006ರ ತಮಿಳು ಕಲಿಕೆ ಕಾಯಿದೆಯಿಂದ ಟೈಮ್‌ಟೇಬಲ್‌ಗೆ ತಮಿಳು ಸೇರಿತು. ಸೇರಲಿ, ನೆಲದ ಭಾಷೆ ಕಲಿಯೋಣ. ಆದರೆ ಮೇಷ್ಟ್ರು, ಪುಸ್ತಕ, ಮುಂದಿನ ಓದಿನ ದಾರಿ ಇಲ್ಲದ ಕನ್ನಡ ಪೀರಿಯಡ್ ಬರೀ ಖಾಲಿ ಸ್ಲಾಟು. ಜೋಡಣೆ ಚೆನ್ನೈಯಿಂದಲೂ ಬೇಕು, ಬೆಂಗಳೂರಿನಿಂದಲೂ ಬೇಕು.

ಹೆತ್ತವರೇ, ಮುಂದಿನ ಸಭೆಗೆ ಬಂದಾಗ ಟೈಮ್‌ಟೇಬಲ್ ಕೈಯಲ್ಲಿ ಹಿಡಿದು ಒಂದೊಂದು ಕನ್ನಡ ಪೀರಿಯಡ್‌ಗೂ ಮೇಷ್ಟ್ರು ಯಾರು ಎಂದು ಕೇಳಿ. ಸಂಕೋಚ ಬೇಡ.