ಹೆಚ್ಚಾದದ್ದು ಒಂದೇ ಹಲ್ಲು, ಹೋದದ್ದು 12 ಮಿಲಿಮೀಟರ್

ಇವತ್ತು ಒಂದು ಹಳೇ ಒಗಟಿನಿಂದ ಶುರು ಮಾಡೋಣ.

ಇಡೀ ಭೂಮಿಗೆ ಭೂಮಧ್ಯರೇಖೆಯ ಮೇಲೆ ಒಂದು ಹಗ್ಗ ಸುತ್ತಿದ್ದೀರಿ ಅಂದ್ಕೊಳ್ಳಿ. ಸುಮಾರು 40,000 ಕಿಲೋಮೀಟರ್ ಉದ್ದದ ಹಗ್ಗ, ನೆಲಕ್ಕೆ ಅಂಟಿಕೊಂಡ ಹಾಗೆ ಬಿಗಿಯಾಗಿದೆ. ಈಗ ಅದಕ್ಕೆ ಬರೀ 1 ಮೀಟರ್ ಸೇರಿಸಿ, ಸುತ್ತಲೂ ಒಂದೇ ಸಮನಾಗಿ ಮೇಲೆತ್ತಿದರೆ ನೆಲಕ್ಕೂ ಹಗ್ಗಕ್ಕೂ ಎಷ್ಟು ಅಂತರ ಬರುತ್ತೆ? ಕೂದಲೆಳೆಯಷ್ಟೂ ಇರಲ್ಲ ಅಂತ ಅನ್ಸುತ್ತೆ, ಅಲ್ವಾ? ಸರಿಯಾದ ಉತ್ತರ ಸುಮಾರು 16 ಸೆಂಟಿಮೀಟರ್. ಒಂದು ಬೆಕ್ಕು ಆರಾಮಾಗಿ ನುಸುಳಬಹುದು. ಇನ್ನೂ ಮಜಾ ಅಂದ್ರೆ, ಕ್ರಿಕೆಟ್ ಚೆಂಡಿಗೆ ಸುತ್ತಿದ ದಾರಕ್ಕೆ 1 ಮೀಟರ್ ಸೇರಿಸಿದರೂ ಅದೇ 16 ಸೆಂಟಿಮೀಟರ್. ವೃತ್ತ ದೊಡ್ಡದೋ ಚಿಕ್ಕದೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಸುತ್ತಳತೆಗೆ ಸೇರಿಸಿದ್ದನ್ನು 6.28ರಿಂದ ಭಾಗಿಸಿ, ಅಂದ್ರೆ ಪೈನ ಎರಡರಷ್ಟರಿಂದ. ತ್ರಿಜ್ಯ ಅಷ್ಟು ಹೆಚ್ಚುತ್ತೆ.

ಈ ಒಗಟು ನನಗೆ ಹೈಸ್ಕೂಲಿನಿಂದಲೇ ಗೊತ್ತು. ಆದ್ರೆ ಅದನ್ನು ಬೇಕಾದ ಹೊತ್ತಲ್ಲಿ ಮರೆತ ತಪ್ಪಿಗೆ, ಎರಡು ವರ್ಷದ ಹಿಂದೆ ಒಂದು ಫೆಬ್ರುವರಿ ಸಂಜೆ ನಾನೂ ನನ್ನ ಗೆಳೆಯನೂ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಸೊಂಟದವರೆಗಿನ ಹಿಮದಲ್ಲಿ, ಫೋನ್ ಸಿಗ್ನಲ್ ಇಲ್ಲದ ಜಾಗದಲ್ಲಿ, ಕೆಟ್ಟು ನಿಂತ ಸ್ನೋಮೊಬೈಲ್ ಪಕ್ಕ ನಿಂತಿದ್ವಿ.

ನಾನಿರೋದು ಲಿನ್‌ವುಡ್‌ನಲ್ಲಿ, ಸಿಯಾಟಲ್‌ನ ಉತ್ತರಕ್ಕೆ. ಇಲ್ಲಿ ಚಳಿಗಾಲ ಅಂದ್ರೆ ಮುಖ್ಯವಾಗಿ ಮಳೆ. ಪೂರ್ವಕ್ಕೆ ಯುಎಸ್ 2 ಹೆದ್ದಾರಿ ಹಿಡಿದು ಸ್ಟೀವನ್ಸ್ ಪಾಸ್ ಕಡೆ ಏರಿದರೆ ಅದೇ ಮಳೆ ಹಿಮವಾಗಿ ಬಿದ್ದಿರುತ್ತೆ. ಸಮುದ್ರ ಹತ್ತಿರ ಇರೋದ್ರಿಂದ ಇಲ್ಲಿನ ಹಿಮ ಒದ್ದೆ, ಭಾರ. ಊರಿನವರು ಅದನ್ನು 'ಕ್ಯಾಸ್ಕೇಡ್ ಕಾಂಕ್ರೀಟ್' ಅಂತಾನೇ ಕರೀತಾರೆ.

ಸ್ನೋಮೊಬೈಲ್ ನೋಡಿಲ್ಲದವರಿಗೆ ಎರಡು ಮಾತು. ಮುಂದೆ ಎರಡು ಸ್ಕೀ. ಹಿಂದೆ ಚಕ್ರದ ಬದಲು ತುದಿ ಮೊದಲಿಲ್ಲದ ಅಗಲವಾದ ರಬ್ಬರ್ ಪಟ್ಟಿ. ಬುಲ್ಡೋಜರಿನ ಚೈನನ್ನು ರಬ್ಬರಿನಲ್ಲಿ ಮಾಡಿದ ಹಾಗೆ. ಅದೇ ಟ್ರ್ಯಾಕ್. ಅದರ ಹೊರಮೈಯಲ್ಲಿ ಹಿಮ ಅಗೆದು ತಳ್ಳುವ ರಬ್ಬರ್ ಹಲಗೆಗಳು ಎದ್ದು ನಿಂತಿರುತ್ತವೆ, ಅವು ಲಗ್. ಬೆಟ್ಟ ಹತ್ತುವ ಗಾಡಿಗಳಲ್ಲಿ ಇವು ಎರಡೂವರೆ ಇಂಚು, 3 ಇಂಚು ಎತ್ತರ ಇರೋದುಂಟು. ಒಳಗಿನಿಂದ ಈ ಪಟ್ಟಿಯನ್ನು ತಿರುಗಿಸುವ ಹಲ್ಲಿನ ಗಾಲಿಯೇ ಡ್ರೈವ್ ಸ್ಪ್ರಾಕೆಟ್. ಇದೆಲ್ಲದರ ಮೇಲೆ ಕವುಚಿಟ್ಟ ತೊಟ್ಟಿಯಂಥ ಅಲ್ಯುಮಿನಿಯಂ ಮಾಡು, ಅದಕ್ಕೆ ಟನಲ್ ಅಂತ ಹೆಸರು. ಇಂಜಿನ್ ತಣ್ಣಗಿಡುವ ಕೂಲೆಂಟ್ ಹರಿಯೋದು ಈ ಟನಲ್‌ಗೆ ಅಂಟಿಸಿದ ಹೀಟ್ ಎಕ್ಸ್‌ಚೇಂಜರ್‌ನಲ್ಲಿ. ಟ್ರ್ಯಾಕ್ ಮೇಲೆ ಎರಚುವ ಹಿಮವೇ ಅದಕ್ಕೆ ತಂಪು. ಅಂದ್ರೆ ಜೋರಾಗಿ ತಿರುಗೋ ಲಗ್‌ಗೂ ಇಂಜಿನ್‌ನ ಜೀವಜಲಕ್ಕೂ ನಡುವೆ ಇರೋದು ಒಂದು ತೆಳು ಅಲ್ಯುಮಿನಿಯಂ ಗೋಡೆ, ಒಂದಿಷ್ಟು ಖಾಲಿ ಜಾಗ.

ಈ ಹಲ್ಲಿನ ಗಾಲಿಗೆ ಒಂದು ಚರಿತ್ರೆ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಅನ್ನೋ ಊರಿನಲ್ಲಿ ಜೋಸೆಫ್-ಆರ್ಮಂಡ್ ಬೊಂಬಾರ್ಡಿಯೆ ಅಂತ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕು ಏರಿತು. ರಸ್ತೆಗಳು ಹಿಮದಲ್ಲಿ ಮುಚ್ಚಿಹೋಗಿದ್ದವು. ಮಗುವನ್ನು ಆಸ್ಪತ್ರೆಗೆ ಸೇರಿಸೋಕೆ ಆಗಲಿಲ್ಲ, ಮಗು ಉಳಿಯಲಿಲ್ಲ. 1937ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿದ್ದು ಯಾವುದೋ ಭಾರೀ ಇಂಜಿನ್ನಿಗಲ್ಲ, ರಬ್ಬರ್ ಹೊದಿಸಿದ ಹಲ್ಲಿನ ಗಾಲಿ ಮತ್ತು ಅದು ತಿರುಗಿಸುವ ಪಟ್ಟಿಗೆ. 1959ರಲ್ಲಿ ಬಂದ ಅವರ ಸ್ಕಿ-ಡೂ ಇವತ್ತಿನ ಸ್ನೋಮೊಬೈಲ್‌ಗಳ ಹಿರಿಯಣ್ಣ. ಹಿಮದಲ್ಲಿ ಮನುಷ್ಯ ವಾಪಸ್ ಮನೆ ಸೇರಬೇಕು ಅನ್ನೋದೇ ಈ ಯಂತ್ರದ ಮೂಲ ಉದ್ದೇಶ ಅಂತ ನನಗೆ ಅನ್ಸುತ್ತೆ.

ಈಗ ನಮ್ಮ ಕಥೆ. ನಾವಿಬ್ಬರೂ ಸೇರಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಗಾಡಿ. ಅದರಲ್ಲಿ ಇದ್ದದ್ದು 7 ಹಲ್ಲಿನ ಗಾಲಿಗಳು. ಗೆಳೆಯ ಎಲ್ಲಿಂದಲೋ 8 ಹಲ್ಲಿನ ಜೋಡಿ ತಂದ. ಅವನ ವಾದ ತಪ್ಪೇನಿರಲಿಲ್ಲ. ಗಾಲಿ ದೊಡ್ಡದಾದರೆ ಟ್ರ್ಯಾಕ್ ಅಷ್ಟು ಮುದುಡಿ ತಿರುಗಬೇಕಿಲ್ಲ, ನುಣುಪಾಗಿ ಓಡುತ್ತೆ, ಹಲ್ಲು ಜಾರಿ ಟಕಟಕ ಅನ್ನೋದೂ ಕಡಿಮೆ. ಪಿಚ್, ಅಂದ್ರೆ ಹಲ್ಲಿನಿಂದ ಹಲ್ಲಿಗೆ ಇರೋ ದೂರ, ಟ್ರ್ಯಾಕಿಗೆ ಸರಿಹೊಂದುವ 2.86 ಇಂಚೇ ಇತ್ತು. ಹಾಗಾಗಿ 'ಫಿಟ್ ಆಗುತ್ತೆ' ಅಂತ ಖಾತ್ರಿಯಾಯ್ತು. ಫಿಟ್ ಆಯ್ತು ಕೂಡ. ಗ್ಯಾರೇಜಿನಲ್ಲಿ ಕೈಯಿಂದ ಟ್ರ್ಯಾಕ್ ತಿರುಗಿಸಿದಾಗ ಎಲ್ಲೂ ತಾಗಲಿಲ್ಲ. ಸಂದಿಯಲ್ಲಿ ಬೆಳಕು ಕಾಣ್ತಿತ್ತು.

ಇಲ್ಲೇ ಹಗ್ಗದ ಲೆಕ್ಕ ಹಾಕಬೇಕಿತ್ತು. ಒಂದು ಹಲ್ಲು ಹೆಚ್ಚಾದರೆ ಸುತ್ತಳತೆ ಒಂದು ಪಿಚ್‌ನಷ್ಟು ಹೆಚ್ಚುತ್ತೆ: 2.86 ಇಂಚು, ಅಂದ್ರೆ 72.6 ಮಿಲಿಮೀಟರ್. ಅದನ್ನು 6.28ರಿಂದ ಭಾಗಿಸಿದರೆ ಸುಮಾರು 11.6. ಒಂದೇ ಒಂದು ಹಲ್ಲಿಗೆ ಟ್ರ್ಯಾಕ್ ಟನಲ್ ಕಡೆಗೆ ಹತ್ತಿರ ಹತ್ತಿರ 12 ಮಿಲಿಮೀಟರ್ ಜರುಗಿತು. 7ರಿಂದ 8ಕ್ಕೆ ಹೋದರೂ ಅಷ್ಟೇ, 8ರಿಂದ 9ಕ್ಕೆ ಹೋದರೂ ಅಷ್ಟೇ. ಪಿಚ್ 3 ಇಂಚಿನದಾದರೆ ಒಂದು ಹಲ್ಲಿಗೆ 12.1. ಇದರ ಜೊತೆಗೆ ಲಗ್ ಕಾಲಿಂಚು ಎತ್ತರದ್ದು ಹಾಕಿಸಿದರೆ ಇನ್ನೊಂದು 6 ಮಿಲಿಮೀಟರ್ ಹೋಯ್ತು. ಟನಲ್ ಮಾತ್ರ ಬೆಳೆದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಾವು ಕಾಲು ಉದ್ದ ಮಾಡ್ಕೊಂಡು ಹಾಸಿಗೆ ಅಳೆಯೋದನ್ನೇ ಮರೆತಿದ್ವಿ.

'ಕೈಯಲ್ಲಿ ತಿರುಗಿಸಿದಾಗ ತಾಗಲಿಲ್ವಲ್ಲ' ಅಂತ ಕೇಳಬಹುದು. ಅದೇ ಎರಡನೇ ಪಾಠ. ನಿಂತ ಯಂತ್ರದ ಅಂತರ ಬೇರೆ, ಓಡುವ ಯಂತ್ರದ ಅಂತರ ಬೇರೆ. ವೇಗದಲ್ಲಿ ಗಾಲಿ ಸುತ್ತುವಾಗ ಟ್ರ್ಯಾಕ್ ಹೊರಕ್ಕೆ ಉಬ್ಬುತ್ತೆ, ಲಗ್‌ಗಳು ಸೆಟೆದು ನಿಲ್ಲುತ್ತವೆ. ಬ್ರೇಕ್ ಹಿಡಿದಾಗ ಟ್ರ್ಯಾಕಿನ ಮೇಲ್ಭಾಗ ಸಡಿಲವಾಗಿ ಟನಲ್ ಕಡೆ ಎದ್ದು ಬಡಿಯುತ್ತೆ. ಇನ್ನು ಹಿಮ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ತುಂಬಿ ಚಕ್ರ ನಿಂತೇ ಹೋಗುತ್ತೆ. ಟನಲ್ ಒಳಗೆ ಒದ್ದೆ ಹಿಮ ಗಟ್ಟಿಯಾದಾಗಲೂ ಅದೇ ಪಾಡು.

ಅವತ್ತು ಬೆಳಗ್ಗೆಯೇ ಗರಗರ ಅಂತ ಸದ್ದು ಶುರುವಾಗಿತ್ತು. ನಾನು ನಿಲ್ಲಿಸೋಣ ಅಂದೆ. ಗೆಳೆಯ, "ಬಿಡು ಮಾರಾಯ, ಸ್ವಲ್ಪ ಉಜ್ಜಿದ್ರೆ ತಾನಾಗೇ ಜಾಗ ಮಾಡ್ಕೊಳ್ಳತ್ತೆ" ಅಂದ. ನಾನೂ ಒಪ್ಪಿದೆ, ಅದಕ್ಕೇ ತಪ್ಪು ಇಬ್ಬರದ್ದೂ. ಮಧ್ಯಾಹ್ನ ಸುಟ್ಟ ರಬ್ಬರ್ ವಾಸನೆ. ಆಮೇಲೆ ಕೂಲೆಂಟಿನ ಸಿಹಿ ವಾಸನೆ, ಬಿಳಿ ಹಿಮದ ಮೇಲೆ ಹಸಿರು ಗೆರೆ. ಸ್ವಲ್ಪ ಹೊತ್ತಿಗೆ ಬಿಸಿ ಸೂಚಿಸೋ ಕೆಂಪು ದೀಪ. ಅದು ನಿಜಕ್ಕೂ ಜಾಗ ಮಾಡಿಕೊಂಡಿತ್ತು, ಹೀಟ್ ಎಕ್ಸ್‌ಚೇಂಜರಿನ ಗೋಡೆಯಲ್ಲಿ. ನಮ್ಮ ಪುಣ್ಯಕ್ಕೆ ಹಿಂದಿನಿಂದ ಬಂದ ಇಬ್ಬರು ಅಪರಿಚಿತರು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಅವರು ಬರದಿದ್ದರೆ ಏನಾಗ್ತಿತ್ತು ಅಂತ ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ.

ನಾನು ವೃತ್ತಿಯಿಂದ ಜೀವವಿಜ್ಞಾನಿ. ಲ್ಯಾಬಿನಲ್ಲಿ ದಿನವಿಡೀ ಪಿಪೆಟ್ ಒತ್ತಿ ಮಣಿಕಟ್ಟು ನೋಯಿಸಿಕೊಂಡವರು ನಮ್ಮಲ್ಲಿ ಸುಮಾರು ಜನ. ಮಣಿಕಟ್ಟಿನಲ್ಲೂ ಒಂದು ಟನಲ್ ಇದೆ, ಕಾರ್ಪಲ್ ಟನಲ್ ಅಂತ. ಒಂದು ಕಡೆ ಮೂಳೆ, ಇನ್ನೊಂದು ಕಡೆ ಗಟ್ಟಿ ಪಟ್ಟಿ. ಆ ಇಕ್ಕಟ್ಟಿನಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳು ಮತ್ತು ಒಂದು ನರ ಸಾಗುತ್ತವೆ. ರಜ್ಜುಗಳ ಹೊದಿಕೆ ಸ್ವಲ್ಪ ಊದಿಕೊಂಡರೆ ಸಾಕು, ಮೂಳೆ ಜರುಗಲ್ಲ, ನರ ಹಿಚುಕುತ್ತೆ, ಬೆರಳು ಜುಮ್ಮೆನ್ನುತ್ತೆ. ಅಲ್ಲಿ ಮುರಿದಿರೋದು ಏನೂ ಇಲ್ಲ. ಕಳೆದುಹೋಗಿರೋದು ಜಾಗ ಮಾತ್ರ. ಜುಮ್ಮೆನ್ನೋದು 'ತಾನಾಗೇ ಸರಿಹೋಗುತ್ತೆ' ಅಂತ ವರ್ಷಗಟ್ಟಲೆ ಬಿಟ್ಟವರಿಗೆ ಹೆಬ್ಬೆರಳ ಬುಡದ ಮಾಂಸಖಂಡವೇ ಸೊರಗಿಹೋಗಬಹುದು. ಉಜ್ಜುವ ಸದ್ದೂ ಅಂಥದ್ದೇ ಸೂಚನೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಖಾಲಿ ಜಾಗವೂ ಯಂತ್ರದ ಒಂದು ಬಿಡಿಭಾಗ. ಅದಕ್ಕೆ ಅಳತೆ ಇದೆ, ಅದು ಸವೆಯುತ್ತೆ, ಬೇರೆ ಭಾಗ ಬದಲಾಯಿಸಿದಾಗ ಅದೂ ಬದಲಾಗುತ್ತೆ. ಹಲ್ಲು ಎಷ್ಟು, ಪಿಚ್ ಎಷ್ಟು ಅಂತ ಮಾತ್ರ ಕೇಳಿ ಗಾಲಿ ಕೊಳ್ಳೋ ಅಭ್ಯಾಸ ತಪ್ಪು. ಮಾರುವವರೂ ಸಲಹೆ ಕೊಡುವ ಗೆಳೆಯರೂ 'ತಿರುಗುವಾಗ ಇಷ್ಟು ಜಾಗ ಬೇಕು' ಅನ್ನೋ ಸಂಖ್ಯೆಯನ್ನೂ ಜೊತೆಗೇ ಹೇಳಬೇಕು.

ಹಾಗಾದ್ರೆ ಮಾಡೋದೇನು? ಹಳೇ ಗಾಲಿ ಕಳಚುವ ಮೊದಲೇ ಲಗ್‌ನ ತುದಿಯಿಂದ ಟನಲ್‌ನ ಅತಿ ಹತ್ತಿರದ ಜಾಗಕ್ಕೆ ಎಷ್ಟಿದೆ ಅಂತ ಅಳೆಯಿರಿ. ಸಾಮಾನ್ಯವಾಗಿ ಅದು ಒಂದು ಬೋಲ್ಟಿನ ತಲೆಯೋ, ರಿವೆಟ್ಟೋ, ಎಕ್ಸ್‌ಚೇಂಜರಿನ ಅಂಚೋ ಆಗಿರುತ್ತೆ. ಕೈ ಹೋಗದ ಕಡೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಟ್ರ್ಯಾಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಒತ್ತಿದ ಹಿಟ್ಟಿನ ದಪ್ಪ ಅಳೆದರಾಯ್ತು. ಆಮೇಲೆ ಕಾಗದದ ಮೇಲೆ ಹೊಸ ಗಾಲಿಯ ಲೆಕ್ಕ ಕಳೆಯಿರಿ. ಉಳಿದದ್ದು ಬೆರಳಿನ ದಪ್ಪಕ್ಕಿಂತ ಕಡಿಮೆ ಆದರೆ ನಾನಂತೂ ಆ ಗಾಲಿ ಕೊಳ್ಳಲ್ಲ.

ಗಾಲಿಗಳನ್ನು ಶಾಫ್ಟ್ ಮೇಲೆ ಕೂರಿಸುವಾಗ ಹಳೆಯವು ಎಲ್ಲಿದ್ದವೋ ಅಲ್ಲೇ ಕೂರಿಸಿ, ಎಲ್ಲದರ ಹಲ್ಲುಗಳೂ ಒಂದೇ ಸಾಲಿನಲ್ಲಿರಲಿ. ಒಂದು ಹಿಂದೆ ಒಂದು ಮುಂದೆ ಆದರೆ ಟ್ರ್ಯಾಕ್ ಓರೆಯಾಗಿ ಎಳೆದು ಪಕ್ಕದ ಗೋಡೆಗೆ ಉಜ್ಜುತ್ತೆ. ದೊಡ್ಡ ಗಾಲಿ ಹೆಚ್ಚು ಪಟ್ಟಿ ನುಂಗುತ್ತೆ, ಹಾಗಾಗಿ ಹಿಂದಿನ ಅಚ್ಚನ್ನು ಮುಂದೆ ತರಬೇಕಾಗುತ್ತೆ. ನಮ್ಮ ಗಾಡಿಯಲ್ಲಿ ಅದು ಸುಮಾರು 18 ಮಿಲಿಮೀಟರ್. ಆದ್ರೆ ಬಿಗಿತವನ್ನು ಅಂದಾಜಿಗೆ ಬಿಡಬೇಡಿ. ಎಷ್ಟು ಭಾರಕ್ಕೆ ಎಷ್ಟು ಜೋಲಬೇಕು ಅಂತ ಗಾಡಿಯ ಕೈಪಿಡಿಯಲ್ಲೇ ಇರುತ್ತೆ. ಉಜ್ಜುತ್ತೆ ಅಂತ ಅತಿ ಬಿಗಿ ಮಾಡಿದರೆ ಬೇರಿಂಗ್ ಸವೆಯುತ್ತೆ, ಗಾಲಿಯ ಸುತ್ತ ಕಳೆದುಹೋದ ಜಾಗ ಮಾತ್ರ ವಾಪಸ್ ಬರಲ್ಲ. ಕೊನೆಗೆ ಟನಲ್ ಒಳಗೆ ಬಣ್ಣ ಬಳಿದು, ಮನೆ ಹತ್ತಿರದ ಸಮತಟ್ಟು ಜಾಗದಲ್ಲಿ ಸ್ವಲ್ಪ ಓಡಿಸಿ, ಬ್ರೇಕ್ ಹಿಡಿದು ನೋಡಿ. ಬಣ್ಣ ಎಲ್ಲಿ ಹೋಗಿದೆಯೋ ಅಲ್ಲಿ ತಾಗಿದೆ. ಗಾಡಿ ಎತ್ತಿ ನಿಲ್ಲಿಸಿ ಇಂಜಿನ್ ಓಡಿಸುವಾಗ ಟ್ರ್ಯಾಕಿನ ಹಿಂದೆ ಮಾತ್ರ ಯಾರೂ ನಿಲ್ಲಬಾರದು.

ಲಗ್‌ಗಳನ್ನೇ ಕತ್ತರಿಸಿ ಚಿಕ್ಕದು ಮಾಡಬಹುದಲ್ಲ ಅಂತ ಕೆಲವರು ಕೇಳ್ತಾರೆ. ಮಾಡಬಹುದು, ಮಾಡಿದವರೂ ಇದ್ದಾರೆ. ಆದ್ರೆ ಅದು ಬೂಟು ಚಿಕ್ಕದಾಯ್ತು ಅಂತ ಬೆರಳು ಕತ್ತರಿಸಿದ ಹಾಗೆ. ಹಿಮ ತಳ್ಳೋ ಅಂಗವನ್ನೇ ಕಳೆದುಕೊಂಡು, ಕತ್ತರಿಸಿದ್ದು ಏರುಪೇರಾದರೆ ನಡುಕವನ್ನೂ ಕೊಂಡುಕೊಂಡ ಹಾಗೆ.

ನಾವೇನು ಮಾಡಿದ್ವಿ? ಎಕ್ಸ್‌ಚೇಂಜರ್ ಬದಲಾಯಿಸಿ, 7 ಹಲ್ಲಿನ ಹಳೇ ಗಾಲಿಗಳನ್ನೇ ವಾಪಸ್ ಹಾಕಿದ್ವಿ. 8 ಹಲ್ಲಿನ ಜೋಡಿ ಗ್ಯಾರೇಜಿನ ಗೋಡೆಯಲ್ಲಿ ಮೊಳೆಗೆ ನೇತಾಡ್ತಿದೆ. ಅದರ ಮೇಲೆ ಗೆಳೆಯ ತನ್ನ ಕೈಯಾರೆ ಮಾರ್ಕರಿನಲ್ಲಿ ಬರೆದಿದ್ದಾನೆ: 'ಒಂದು ಹಲ್ಲು, 12 ಮಿಲಿಮೀಟರ್'.

ನಿಮ್ಮದು ಸೈಕಲ್ಲೋ, ಬೈಕೋ, ಟ್ರ್ಯಾಕ್ಟರೋ ಆಗಿರಬಹುದು. ಮುಂದಿನ ಸಲ ಏನಾದರೂ ದೊಡ್ಡದು ಹಾಕಿಸುವಾಗ ಅದರ ಸುತ್ತ ಉಳಿಯೋ ಜಾಗವನ್ನೂ ಒಮ್ಮೆ ಅಳೆಯಿರಿ.