ಬಿಸಿಲಿಲ್ಲದ ದಿನದ ಗೋಪುರ

ಕಂಪ್ಲಿಯಲ್ಲಿ ಶ್ರಾವಣದ ಮದುವೆ ಮುಗಿಸಿಕೊಂಡು ನಾನೂ ಮೊಮ್ಮಗಳೂ ಹೊಸಪೇಟೆಗೆ ಬಂದಾಗ ಬೆಳಗಿನ ಒಂಬತ್ತು ಗಂಟೆ. ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದ್ದದ್ದು ರಾತ್ರಿ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಸೇತುವೆ ಮುಳುಗೀತು ಎಂದು ಗಂಗಾವತಿ ಕಡೆಯ ನೆಂಟರು ಬೆಳಗ್ಗೆಯೇ ಹೊರಟಿದ್ದರು. ಆ ಗಡಿಬಿಡಿಯಲ್ಲಿ ನಮ್ಮನ್ನೂ ಈ ಕಡೆಯ ಕಾರಿಗೆ ಹತ್ತಿಸಿಬಿಟ್ಟರು. ಹೊರಗೆ ಬಿಡದ ಮಳೆ.

ಮೊಮ್ಮಗಳ ಮುಖ ಊದಿತ್ತು. ತಪ್ಪು ನನ್ನದೇ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ ಎಂದು ಅವಳಿಗೆ ಹೇಳಿದ್ದವನು ನಾನು. ಅದರ ಚಿತ್ರ ಬರೆದು ತರುತ್ತೇನೆಂದು ಅವಳು ತರಗತಿಗೆಲ್ಲ ಹೇಳಿ ಬಂದಿದ್ದಳು. ಹಿಂದಿನ ದಿನ ಒಳ್ಳೆಯ ಬಿಸಿಲಿತ್ತು. ಹೋಳಿಗೆ ಊಟ ಹೊಡೆದು, "ನಾಳೆ ಹೋಗೋಣ ಪುಟ್ಟಿ" ಎಂದು ಮಲಗಿಬಿಟ್ಟಿದ್ದೆ.

ನನ್ನ ಮಗ ಒಮ್ಮೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಬೇಕಾಗಿ ಬಂದಾಗ, ಮಳೆ ಎಂದು ಎಂಟು ಗಂಟೆ ನಿಲ್ದಾಣದಲ್ಲೇ ಕೂತಿದ್ದನಂತೆ. ಊರೊಳಕ್ಕೆ ರೈಲಿನಲ್ಲಿ ಕಾಲು ಗಂಟೆ ಅಷ್ಟೇ ಎಂದು ಆಮೇಲೆ ಗೊತ್ತಾಗಿ ಕೈಕೈ ಹಿಸುಕಿಕೊಂಡ. ಹಂಪಿ ಇಲ್ಲಿಂದ ಹದಿಮೂರು ಕಿಲೋಮೀಟರ್. ಸಾಮಾನು ಲಾಡ್ಜಿನಲ್ಲಿಟ್ಟು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಆಟೋ ಹಿಡಿದೆವು. ಸಂಡೂರಿಗೂ ಹೋಗಬಹುದಿತ್ತು, ಮಳೆಗಾಲದಲ್ಲಿ ಆ ಗುಡ್ಡಗಳ ಹಸಿರು ನೋಡಬೇಕು. ಆದರೆ ಮಾತು ಕೊಟ್ಟಿದ್ದು ಹಂಪಿಗೆ.

"ಬಿಸ್ಲ ಇಲ್ಲ ಅಂದ್ರ ನೆಳ್ಳು ಎಲ್ಲಿಂದ ಬರ್ತತಿ ಪಾಪು?" ಎಂದ ಆಟೋದವನು. ಅವಳು ನನ್ನನ್ನು ನೋಡಿದಳು. ನಾನು ಮಳೆಯನ್ನು ನೋಡಿದೆ.

ಮೊದಲು ಕಮಲಾಪುರದ ವಸ್ತುಸಂಗ್ರಹಾಲಯ. ಶುಕ್ರವಾರ ಅದಕ್ಕೆ ರಜೆ, ಅಂದು ಬುಧವಾರ. ಅಲ್ಲಿ ಇಡೀ ಹಂಪಿಯ ಮಾದರಿಯೊಂದಿದೆ: ಗುಡ್ಡ, ನದಿ, ಗುಡಿ ಎಲ್ಲ ಒಂದೇ ನೋಟಕ್ಕೆ. ಅಜ್ಜ ಅಜ್ಜಿಯರೇ, ಮಂಡಿನೋವಿದ್ದರೆ ಇದನ್ನು ಮೊದಲು ನೋಡಿ. ಎಲ್ಲಿಗೆ ಹೋಗಬೇಕು, ಯಾವುದನ್ನು ಬಿಡಬೇಕು ಎಂದು ಇಲ್ಲೇ ತೀರ್ಮಾನಿಸಬಹುದು.

ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿದರೆ ಬಣ್ಣದ ಚಿತ್ರಗಳು. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಮತ್ಸ್ಯಯಂತ್ರಕ್ಕೆ ಬಾಣ ಹೂಡಿದ ಅರ್ಜುನ. ಮೀನು ಮೇಲಿದ್ದರೂ ಅವನು ಕೆಳಗೆ ನೀರಿನಲ್ಲಿ ನೋಡಿ ಹೊಡೆದ ಕಥೆ ಹೇಳಿದೆ. ಮುಖದ ಊತ ಸ್ವಲ್ಪ ಇಳಿಯಿತು.

ಹಿಂದುಗಡೆಯ ಕತ್ತಲ ಮಂಟಪದ ಗೋಡೆಯ ಮೇಲೆ ಏನೂ ಇರಲಿಲ್ಲ. ಮಕ್ಕಳೇ, ನಾವು ನೆರಳು ಎನ್ನುತ್ತೇವೆ, ನಿಜಕ್ಕೂ ಅದು ಬೆಳಕಿನ ಚಿತ್ರ. ಬೆಳಕು ನೇರ ಹೋಗುತ್ತದೆ. ಗೋಪುರದ ತುದಿಯ ಬೆಳಕು ಸಣ್ಣ ಕಿಂಡಿಯಲ್ಲಿ ತೂರಿ ಗೋಡೆಯ ಕೆಳಕ್ಕೆ ಬೀಳುತ್ತದೆ, ಬುಡದ ಬೆಳಕು ಮೇಲಕ್ಕೆ. ಅದಕ್ಕೇ ಗೋಪುರ ತಲೆಕೆಳಗು. ಮೋಡ ಕವಿದಾಗ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಇದನ್ನೆಲ್ಲ ವಿವರಿಸಿದೆ. ಅವಳು "ಹ್ಞೂಂ" ಎಂದಳು, ಕಣ್ಣು ತುಂಬಿತ್ತು. "ನಿನ್ನೆ ನಿದ್ದೆ ಮಾಡಬಾರದಿತ್ತು, ನನ್ನದೇ ತಪ್ಪು" ಎಂದೆ. ಅದಕ್ಕೂ "ಹ್ಞೂಂ".

ಹೊರಗೆ ಬಂದಾಗ ಮಳೆ ನಿಂತಿತ್ತು. ಅಂಗಳದ ಕಲ್ಲುಹಾಸಿನ ತಗ್ಗಿನಲ್ಲಿ ನೀರು ನಿಂತಿತ್ತು. ಮುಂದೆ ಹೋಗುತ್ತಿದ್ದ ಅವಳು ಗಕ್ಕನೆ ನಿಂತು, "ತಾತಾ, ಬನ್ನಿ! ಕಾಲಿಡಬೇಡಿ!" ಎಂದು ಕೂಗಿದಳು. ನೀರೊಳಗೆ ಒಂಬತ್ತು ಅಂತಸ್ತಿನ ಗೋಪುರ ಪೂರ್ತಿ ತಲೆಕೆಳಗಾಗಿ ನಿಂತಿತ್ತು. ಇದು ಕನ್ನಡಿಯ ಹಾಗೆ, ಕಿಂಡಿಯದು ಬೇರೆ ಎಂದು ಹೇಳಲು ಹೊರಟವನು ಬಾಯಿ ಮುಚ್ಚಿಕೊಂಡೆ. ಅವಳೇ ಅಂದಳು: "ಅರ್ಜುನನೂ ಹೀಗೇ ನೋಡಿದ್ದಲ್ವಾ?"

ಆಮೇಲೆ ನದಿ ನೋಡಿದೆವು. ಪುರಂದರ ಮಂಟಪ ಮುಳುಗಿತ್ತು.

ರಾತ್ರಿ ರೈಲಿನಲ್ಲಿ ಅವಳು ಚಿತ್ರ ಬರೆದಳು. ತಲೆಕೆಳಗಿನ ಗೋಪುರದ ತುದಿಯ ಹತ್ತಿರ ನಾಲ್ಕು ಬರಿಗಾಲು: ಎರಡು ಸಣ್ಣವು, ಎರಡು ದೊಡ್ಡವು. ಕೆಳಗೆ ದಪ್ಪ ಅಕ್ಷರದಲ್ಲಿ, "ಬಿಸಿಲು ಇರಲಿಲ್ಲ. ತಾತ ಮಲಗಿದ್ದರು."